ಅಡಿಟಿಪ್ಪಣಿಯ ಬೆನ್ನು ಹತ್ತಿ

ನಮ್ಮ ಸೀನಿಯರ್ ಓದದ ಲೇಖನ ಇರಲಿಲ್ಲ. ಅದನ್ನು ಬರೆದವರು ಯಾರು, ಯಾವ ಪತ್ರಿಕೆಯಲ್ಲಿ, ಯಾವ ಇಸವಿಯಲ್ಲಿ ಅಚ್ಚಾಯಿತು ಎಂಬ ಚಿಲ್ಲರೆ ಸಂಗತಿಗಳನ್ನು ಮಾತ್ರ ಅವರು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಸಂಜೆ ಏಳು ಗಂಟೆಗೆ, ಇನ್ನೇನು ನಾನು ಬ್ಯಾಗು ಹೆಗಲಿಗೇರಿಸಬೇಕು, ಆಗ ಕನ್ನಡಕ ತೆಗೆದು ಹಣೆ ಒತ್ತಿಕೊಳ್ಳುವರು. "ಕೊಟ್ಟ ಮಾತಿಗೆ ಸರ್ಕಾರ ಎಷ್ಟರ ಮಟ್ಟಿಗೆ ಕಟ್ಟುಬೀಳುತ್ತೆ ಅಂತ ಒಬ್ಬ ಇಂಗ್ಲಿಷಿನವನು ಬಹಳ ಚೆನ್ನಾಗಿ ಬರೆದಿದಾನಮ್ಮ. ಬಲಗಡೆ ಪುಟ. ಕೆಳಗಡೆ ಬರುತ್ತೆ. ನಾಳೆ ಹತ್ತೂವರೆಗೆ ಬೇಕು." ನಾನು ಜೂನಿಯರ್. ಜೂನಿಯರ್ ಅಂದರೆ ಮುಂದಿನ ತಾರೀಖು ಕೇಳಬೇಕು, ಫೈಲು ಹೊರಬೇಕು, ಬಲಗಡೆ ಪುಟ ಹುಡುಕಬೇಕು.

ತೀರ್ಪು ಹುಡುಕುವುದು ಕಷ್ಟವಲ್ಲ. ತೀರ್ಪಿಗೆ ಕೋರ್ಟಿನ ಮುದ್ರೆಯಿದೆ, ವಾದಿ ಪ್ರತಿವಾದಿಗಳ ಹೆಸರಿದೆ, ಅದನ್ನು ಅಚ್ಚು ಹಾಕಲು ಊರೂರಿನ ಪ್ರಕಾಶಕರು ನಾ ಮುಂದು ತಾ ಮುಂದು ಅಂತ ನಿಂತಿದ್ದಾರೆ. ಕೇಶವಾನಂದ ಭಾರತಿ ತೀರ್ಪನ್ನೇ ನೋಡಿ. ಎಐಆರ್ ಎಂಬ ತೀರ್ಪುಗಳ ವರದಿಯಲ್ಲಿ, 1973 ಸುಪ್ರೀಂ ಕೋರ್ಟ್ 1461ನೇ ಪುಟದಲ್ಲಿ ಒಮ್ಮೆ, 1973ರ ನಾಲ್ಕನೇ ಎಸ್‌ಸಿಸಿಯ 225ನೇ ಪುಟದಲ್ಲಿ ಇನ್ನೊಮ್ಮೆ, ಸುಪ್ರೀಂ ಕೋರ್ಟಿನದೇ ವರದಿಯ ಪುರವಣಿಯಲ್ಲಿ ಮತ್ತೊಮ್ಮೆ ಸಿಗುತ್ತದೆ. ಒಂದು ಬಾಗಿಲು ಹಾಕಿದ್ದರೆ ಇನ್ನೊಂದನ್ನು ತಟ್ಟಬಹುದು. ಲೇಖನಕ್ಕೆ ಆ ಭಾಗ್ಯವಿಲ್ಲ. ಒಂದು ಪತ್ರಿಕೆ, ಒಂದು ಸಂಪುಟ, ಒಂದೇ ಪುಟ. ಆ ಪುಟದ ಸಂಖ್ಯೆಯನ್ನು ಬರೆದುಕೊಂಡವರು 193ರ ಬದಲು 139 ಅಂತ ಬರೆದುಕೊಂಡಿದ್ದರೆ ಮುಗಿಯಿತು.

ನನ್ನ ಅತ್ತೆಗೆ ಈ ಉದ್ಯೋಗವನ್ನು ವಿವರಿಸುವ ಸಾಹಸವನ್ನೂ ಮಾಡಿದ್ದೇನೆ. ಮದುವೆಯಾದ ಹೊಸತು. ರಾತ್ರಿ ಒಂಬತ್ತಕ್ಕೆ ಮನೆಗೆ ಬಂದವಳಿಗೆ ತಟ್ಟೆ ಹಾಕುತ್ತಾ ಕೇಳಿದರು.

"ಇಷ್ಟು ಹೊತ್ತೂ ಕೋರ್ಟು ನಡೀತಿತ್ತೇನೇ?"

"ಇಲ್ಲಾ ಅತ್ತೆ, ಲೈಬ್ರರೀಲಿದ್ದೆ. ಒಂದು ಲೇಖನ ಹುಡುಕ್ತಿದ್ದೆ."

"ನೀನು ಬರೆದಿದ್ದಾ?"

"ಅಲ್ಲ, ಯಾರೋ ಬರೆದಿದ್ದು."

"ಕಳಕೊಂಡೋರು ಅವರೇ ಹುಡುಕ್ಕೋಬಾರದಾ?"

ಇದಕ್ಕೆ ಈ ಹೊತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಸಾರು ಮಾತ್ರ ಚೆನ್ನಾಗಿತ್ತು.

ಆ ಲೈಬ್ರರಿಯಲ್ಲಿ ಒಬ್ಬರು ಗ್ರಂಥಪಾಲಕರಿದ್ದರು. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಕೆಂಪು ಮಸಿಯ ಪೆನ್ನು, ಮೇಜಿನ ಮೇಲೆ ಯಾರೂ ಮುಟ್ಟಬಾರದ ಒಂದು ಸ್ಟೀಲ್ ಲೋಟ. ಕಾರ್ಡ್ ಕ್ಯಾಟಲಾಗಿನ ಮರದ ಡ್ರಾಯರುಗಳು ಅವರ ಬೆನ್ನ ಹಿಂದೆ ಇದ್ದವು. ಅವನ್ನು ಅವರು ಎಳೆದದ್ದನ್ನು ನಾನು ಕಂಡಿಲ್ಲ. ಒಂದರಲ್ಲಿ ಅಡಿಕೆಪುಡಿ ಇಟ್ಟಿದ್ದರು ಎಂದು ಅಟೆಂಡರ್ ಹೇಳುತ್ತಿದ್ದ. ದೆಹಲಿಯ ಇಂಡಿಯನ್ ಲಾ ಇನ್‌ಸ್ಟಿಟ್ಯೂಟಿನವರು 1963ರಿಂದ ಭಾರತದ ಕಾನೂನು ಪತ್ರಿಕೆಗಳ ಲೇಖನಗಳಿಗೊಂದು ಸೂಚಿ ಹೊರಡಿಸಿದ್ದಾರೆ. ಲೇಖಕರ ಹೆಸರು, ವಿಷಯ ಎಲ್ಲ ಅಕಾರಾದಿಯಾಗಿ ಸಿಗುವ ಪುಣ್ಯದ ಕೆಲಸ ಅದು. ಅದರ ಕೆಲವು ಸಂಪುಟಗಳು ಇಲ್ಲಿಯೂ ಇದ್ದವು. ಆದರೆ ಅವನ್ನು ಕೇಳಿದರೆ ಗ್ರಂಥಪಾಲಕರಿಗೆ ಅವಮಾನವಾಗುತ್ತಿತ್ತು. "ನಾನು ಇಲ್ಲಿ ಕೂತಿಲ್ವೇನಮ್ಮಾ?" ಅನ್ನುವರು.

ಒಂದು ದಿನ ಸೀನಿಯರ್ ಚೀಟಿ ಬರೆದುಕೊಟ್ಟಿದ್ದರು. ಹಿಂದೂ ವಿಧವೆಯ ಆಸ್ತಿಯ ಹಕ್ಕು, ಸಿಎಲ್‌ಜೆ, 1912. "ಕೇಂಬ್ರಿಡ್ಜ್ ಲಾ ಜರ್ನಲ್ ಅಮ್ಮ, ದೊಡ್ಡ ಪತ್ರಿಕೆ" ಎಂದು ಬಾಯಲ್ಲೂ ಹೇಳಿದ್ದರು. ಗ್ರಂಥಪಾಲಕರು ಚೀಟಿಯನ್ನು ದೂರ ಹಿಡಿದು ಓದಿದರು.

"ಕೇಂಬ್ರಿಡ್ಜ್‌ದು ಶುರುವಾಗಿದ್ದೇ 1921ರಲ್ಲಿ. ಹುಟ್ಟೋಕೆ ಒಂಬತ್ತು ವರ್ಷ ಮುಂಚೇನೇ ಬರೆದಿಟ್ಟಿದ್ದರಂತಾ? ಕೇಂಬ್ರಿಡ್ಜಿನ ದೊರೆಗೆ ನಮ್ಮ ವಿಧವೆ ಆಸ್ತಿ ಕಟ್ಕೊಂಡು ಏನಾಗಬೇಕು? ಇದು ಕಲ್ಕತ್ತಾ ಲಾ ಜರ್ನಲ್ಲು. ಮೂರನೇ ಬೀರು, ಕೆಳಗಡೆ ಅರೆ. ಗೆದ್ದಲಿಗೆ ಔಷಧಿ ಹೊಡೆಸಿದೀವಿ, ಮೂಗಿಗೆ ಸೆರಗು ಇಟ್ಕೊ."

ಅವರು ಹೇಳಿದಲ್ಲೇ ಇತ್ತು. ಮೊದಲು ಪತ್ರಿಕೆ ಹುಟ್ಟಿದ ವರ್ಷ ನೋಡು, ಆಮೇಲೆ ಪುಟ ಹುಡುಕು ಎಂಬ ಈ ಜಾತಕ ಪದ್ಧತಿಯನ್ನು ಯಾವ ಕಾನೂನು ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ. ಎಂಎಲ್‌ಜೆ ಅಂದರೆ ನಮಗೆಲ್ಲ 1891ರಿಂದ ನಡೆದುಬಂದ ಮದ್ರಾಸ್ ಲಾ ಜರ್ನಲ್. ಕೌಲಾಲಂಪುರದ ವಕೀಲರಿಗೆ ಅದೇ ಮೂರಕ್ಷರ ಮಲಯನ್ ಲಾ ಜರ್ನಲ್. ಅದು ಹುಟ್ಟಿದ್ದು 1932ರಲ್ಲಿ. 1932ರ ನಂತರದ ಎಂಎಲ್‌ಜೆ ಕೇಳಿದರೆ ಗ್ರಂಥಪಾಲಕರು ಒಂದು ಕ್ಷಣ ತಡೆದು, "ದೋಸೆ ತಿನ್ನೋ ದೇಶದ್ದಾ, ರಬ್ಬರ್ ಬೆಳೆಯೋ ದೇಶದ್ದಾ?" ಎಂದು ಕೇಳುತ್ತಿದ್ದರು. ಮಲಯದಲ್ಲೂ ದೋಸೆ ಸಿಗುತ್ತೆ ಅಂತ ನಾನು ಹೇಳಲು ಹೋಗಲಿಲ್ಲ.

ನಮ್ಮ ದೇಶದ ವರದಿಗಳಲ್ಲಿ ಇನ್ನೊಂದು ಚಮತ್ಕಾರ ಉಂಟು. ನಾಗಪುರದ ಎಐಆರ್ 1914ರಿಂದ, ಲಖನೌದ ಎಸ್‌ಸಿಸಿ 1969ರಿಂದ ಬರುತ್ತಿವೆ. ಇವುಗಳ ಮುಖ್ಯ ಕಸುಬು ತೀರ್ಪು ಅಚ್ಚು ಹಾಕುವುದು. ಆದರೆ ಅವುಗಳಲ್ಲೇ 'ಜರ್ನಲ್' ಅಂತ ಒಂದು ಭಾಗವಿರುತ್ತದೆ. ಅದರಲ್ಲಿ ನ್ಯಾಯಮೂರ್ತಿಗಳ ಭಾಷಣ, ಪ್ರಾಧ್ಯಾಪಕರ ಲೇಖನ, ನಿವೃತ್ತ ಜಿಲ್ಲಾ ನ್ಯಾಯಾಧೀಶರ ಆಕ್ರೋಶ ಎಲ್ಲವೂ ಬರುತ್ತವೆ. ಈ ಭಾಗದ ಪುಟಸಂಖ್ಯೆಯೇ ಬೇರೆ. ತಿಂಗಳ ಸಂಚಿಕೆಗಳನ್ನು ಬಿಚ್ಚಿ ವರ್ಷದ ಸಂಪುಟವಾಗಿ ಹೊಲಿಯುವ ಬೈಂಡರ್ ಮಹಾಶಯ ಇದನ್ನು ಎಲ್ಲಿ ಸೇರಿಸುತ್ತಾನೆ ಎಂಬುದು ಅವನ ಅಂದಿನ ಮನಸ್ಥಿತಿಗೆ ಬಿಟ್ಟದ್ದು. ಕೆಲವೊಮ್ಮೆ ಮುಂದೆ, ಕೆಲವೊಮ್ಮೆ ಹಿಂದೆ, ಒಮ್ಮೊಮ್ಮೆ ಎರಡು ಹೈಕೋರ್ಟುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಒಂದು ಲೈಬ್ರರಿಯಲ್ಲಂತೂ ಇಡೀ ದಶಕದ ಜರ್ನಲ್ ಭಾಗವೇ ಇರಲಿಲ್ಲ. ವಿಚಾರಿಸಿದರೆ, "ಮೇಡಂ, ಅದು ತೀರ್ಪಲ್ಲವಲ್ಲ. ಅಡ್ವರ್ಟೈಸ್‌ಮೆಂಟ್ ಅಂದ್ಕೊಂಡು ಬೈಂಡರ್ ಕಿತ್ತು ಹಾಕಿದಾನೆ" ಎಂದರು. ಕೆಲವು ಲೇಖನಗಳನ್ನು ಓದಿದ ಮೇಲೆ ಬೈಂಡರಿನ ತೀರ್ಮಾನದಲ್ಲಿ ಹುರುಳಿದೆ ಎಂದು ನನಗೂ ಅನಿಸಿದೆ.

ಅಷ್ಟಕ್ಕೂ ಲೇಖನವನ್ನೇ ಹುಡುಕಬೇಕೇಕೆ, ಅದರಿಂದ ಯಾರೋ ಎತ್ತಿಕೊಂಡದ್ದನ್ನು ನಾವೂ ಎತ್ತಿಕೊಂಡರೆ ಸಾಲದೇ? ಬಹುಮಂದಿ ಮಾಡುವುದು ಅದನ್ನೇ. ನಮ್ಮ ವೃತ್ತಿಯ ಗುಟ್ಟೊಂದು ಹೇಳುತ್ತೇನೆ, ಹೊರಗೆ ಬಿಡಬೇಡಿ. ಅತಿ ಹೆಚ್ಚು ಉಲ್ಲೇಖವಾಗುವ ಲೇಖನವೇ ಅತಿ ಕಡಿಮೆ ಓದಿಸಿಕೊಳ್ಳುವ ಲೇಖನ. ಇದಕ್ಕೆ ನನ್ನ ಅಚ್ಚುಮೆಚ್ಚಿನ ಸಾಕ್ಷಿ ಹಾರ್ವರ್ಡ್ ಲಾ ರಿವ್ಯೂವಿನ ನಾಲ್ಕನೇ ಸಂಪುಟದ 193ನೇ ಪುಟ. 1890ರ ಡಿಸೆಂಬರ್ 15ರ ಸಂಚಿಕೆ. ಬಾಸ್ಟನ್ನಿನ ಸ್ಯಾಮುಯೆಲ್ ವಾರನ್, ಲೂಯಿಸ್ ಬ್ರಾಂಡೈಸ್ ಎಂಬ ಇಬ್ಬರು ವಕೀಲರು ಖಾಸಗಿತನದ ಹಕ್ಕಿನ ಬಗ್ಗೆ ಬರೆದದ್ದು. ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ ಬೆಂಗಳೂರಿನಿಂದ ಹೊರಟವರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ತೀರ್ಪಿನಲ್ಲಿ ಬಾಸ್ಟನ್ನಿನ ಈ ಇಬ್ಬರೂ ಬಂದು ಹೋಗುತ್ತಾರೆ.

ಅಲ್ಲಿಂದಾಚೆಗೆ ನಮ್ಮ ಕಾಲೇಜುಗಳಲ್ಲಿ ಆ ಲೇಖನ ಕಾಣಿಸದ ಪ್ರಬಂಧವಿಲ್ಲ. ಮಾನನಷ್ಟದ ಪ್ರಬಂಧವಿರಲಿ, ಬಾಡಿಗೆ ಮನೆಯ ಪ್ರಬಂಧವಿರಲಿ, ಅಡಿಟಿಪ್ಪಣಿ ಒಂದರಲ್ಲಿ ವಾರನ್ ಮತ್ತು ಬ್ರಾಂಡೈಸ್ ಹಾಜರು. ನಾನು ಅರೆಕಾಲಿಕ ಪಾಠ ಮಾಡುವ ಕಡೆ ವಿದ್ಯಾರ್ಥಿಗಳನ್ನು ಕೇಳುತ್ತೇನೆ: "ಆ ಇಬ್ಬರಿಗೂ ಯಾಕಪ್ಪಾ ಸಿಟ್ಟು ಬಂದಿತ್ತು?" ಉತ್ತರ ತಕ್ಷಣ ಬರುತ್ತದೆ. "ಮೇಡಂ, ವಾರನ್ ಮಗಳ ಮದುವೆಗೆ ಪತ್ರಿಕೆಯವರು ನುಗ್ಗಿ ಫೋಟೋ ಹಿಡಿದರಲ್ಲ, ಅದಕ್ಕೆ!" ಒಳ್ಳೆಯ ಕಥೆ. ಅಮೆರಿಕದ ಮಹಾಪಂಡಿತ ವಿಲಿಯಂ ಪ್ರಾಸರ್ 1960ರಲ್ಲಿ ಕ್ಯಾಲಿಫೋರ್ನಿಯಾ ಲಾ ರಿವ್ಯೂನಲ್ಲಿ ಈ ಮಗಳ ಮದುವೆಯ ಪ್ರಸ್ತಾಪ ಮಾಡಿದರು. ಆಮೇಲೆ ಜಗತ್ತೆಲ್ಲ ಅವರ ಅಡಿಟಿಪ್ಪಣಿ ಹಿಡಿದು ಮದುವೆಯೂಟಕ್ಕೆ ಹೊರಟಿತು. ಒಂದೇ ತೊಡಕು. ವಾರನ್ ಮಹಾಶಯರ ಮದುವೆ ಆದದ್ದೇ 1883ರ ಜನವರಿಯಲ್ಲಿ. ಲೇಖನ ಅಚ್ಚಾಗುವ ಹೊತ್ತಿಗೆ ಮಗಳಿಗೆ ಹೆಚ್ಚೆಂದರೆ ಏಳು ವರ್ಷ. ನಮ್ಮಲ್ಲಿ ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಬರಲು ಇನ್ನೂ ನಲವತ್ತು ವರ್ಷ ಹತ್ತಿರವಿತ್ತು ಎಂಬುದು ನಿಜ, ಆದರೆ ಅದು ಬಾಸ್ಟನ್. ಅಲ್ಲಿ ಹಾಗೆ ಮಾಡುತ್ತಿರಲಿಲ್ಲ.

ಲೇಖನದೊಳಗೆ ಹೋಗಿ ನೋಡಿದರೆ ಮದುವೆಯೂ ಇಲ್ಲ, ಮಗಳೂ ಇಲ್ಲ. ಥಟ್ಟನೆ ಚಿತ್ರ ಹಿಡಿಯುವ ಹೊಸ ಕ್ಯಾಮೆರಾ ಬಂದಿದೆ, ಪತ್ರಿಕೆಗಳಿಗೆ ಮನೆಯೊಳಗಿನ ಮಾತು ಬೇಕಾಗಿದೆ, ಹರಟೆಯೇ ಒಂದು ವ್ಯಾಪಾರವಾಗಿದೆ ಎಂಬ ದೂರು ಇದೆ. ಮೂಲ ಓದಿದವರಿಗೆ ಇದು ಗೊತ್ತು. ಪ್ರಾಸರ್‌ಗೆ ಗೊತ್ತಿರಲಿಲ್ಲವೇ ಎಂದು ಕೇಳಬೇಡಿ. ದೊಡ್ಡವರು ನೆನಪಿನಿಂದ ಬರೆಯುತ್ತಾರೆ, ಬಲಗಡೆ ಪುಟ, ಕೆಳಗಡೆ.

ಈ ಪತ್ರಿಕೆಗಳನ್ನು ನಡೆಸುವವರು ಯಾರು ಎಂಬುದೂ ಸ್ವಾರಸ್ಯವೇ. ವೈದ್ಯಕೀಯ ಪತ್ರಿಕೆಗೆ ವೈದ್ಯರು ಸಂಪಾದಕರು, ಗಣಿತದ ಪತ್ರಿಕೆಗೆ ಗಣಿತಜ್ಞರು. ಅಮೆರಿಕದ ದೊಡ್ಡ ಕಾನೂನು ಪತ್ರಿಕೆಗಳಿಗೆ ಮಾತ್ರ ವಿದ್ಯಾರ್ಥಿಗಳು ಸಂಪಾದಕರು. ಮೂವತ್ತು ವರ್ಷ ಪಾಠ ಹೇಳಿದ ಪ್ರಾಧ್ಯಾಪಕರ ಲೇಖನಕ್ಕೆ ಇಪ್ಪತ್ನಾಲ್ಕರ ಹುಡುಗ ಕೆಂಪು ಮಸಿಯಲ್ಲಿ ಗೀಟು ಹಾಕಿ, ಈ ವಾಕ್ಯಕ್ಕೆ ಆಧಾರ ಕೊಡಿ ಎನ್ನುತ್ತಾನೆ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ಬರೆದರೂ ಅಡಿಟಿಪ್ಪಣಿ ಬೇಕು. ಹೀಗಾಗಿಯೇ ಅಲ್ಲಿನ ಲೇಖನದಲ್ಲಿ ಪುಟದ ಮೇಲ್ಭಾಗಕ್ಕೆ ಎರಡು ಸಾಲು ಮಾತು, ಉಳಿದದ್ದೆಲ್ಲ ಸಣ್ಣಕ್ಷರದ ಟಿಪ್ಪಣಿ. ಹಾರ್ವರ್ಡ್ ಲಾ ರಿವ್ಯೂ 1887ರಲ್ಲಿ ಶುರುವಾದದ್ದೇ ಹೀಗೆ. ಬರಾಕ್ ಒಬಾಮ ಅದಕ್ಕೆ ಅಧ್ಯಕ್ಷನಾಗಿ ಆಯ್ಕೆಯಾದದ್ದು 1990ರಲ್ಲಿ. ಅಲ್ಲಿ ಪ್ರಾಧ್ಯಾಪಕರನ್ನು ಸಂಭಾಳಿಸಿದವನಿಗೆ ಸೆನೆಟ್ ಏನು ದೊಡ್ಡದು?

ಇದೆಲ್ಲ ನೋಡಿ ರೋಸಿಹೋದವರು ಯೇಲ್ ವಿಶ್ವವಿದ್ಯಾಲಯದ ಫ್ರೆಡ್ ರೊಡೆಲ್. 1936ರಲ್ಲಿ ಅವರು ವರ್ಜೀನಿಯಾ ಲಾ ರಿವ್ಯೂನಲ್ಲಿ ಕಾನೂನು ಪತ್ರಿಕೆಗಳಿಗೆ ವಿದಾಯ ಹೇಳಿ ಒಂದು ಲೇಖನ ಬರೆದರು. ಕಾನೂನು ಬರಹಕ್ಕೆ ಎರಡೇ ದೋಷ, ಒಂದು ಅದರ ಶೈಲಿ, ಇನ್ನೊಂದು ಅದರ ಒಳಗಿರುವ ಸರಕು ಎಂಬುದು ಅವರ ದೂರು. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಹೊರಟವರು 1962ರಲ್ಲಿ ಅದೇ ಪತ್ರಿಕೆಯಲ್ಲಿ ಮತ್ತೊಂದು ಲೇಖನ ಬರೆದರು, ವಿದಾಯ ಹೇಳಿದ್ದನ್ನು ಮರುಪರಿಶೀಲಿಸಿ. ನಮ್ಮ ನೆಂಟರು "ಬರ್ತೀವಿ" ಎಂದು ಎದ್ದು, ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಂಡು, ಮುಕ್ಕಾಲು ಗಂಟೆ ಮಾತಾಡುತ್ತಾ ನಿಲ್ಲುವುದಿಲ್ಲವೇ, ಹಾಗೆ. ಎರಡನ್ನೂ ನಾನು ಹುಡುಕಿ ಓದಿದ್ದೇನೆ. ಕಾನೂನು ಪತ್ರಿಕೆಗಳಲ್ಲಿ ನಗು ಬರುವ ಲೇಖನ ಅಪರೂಪ. ಬಂದರೂ ಅದು ಕಾನೂನು ಪತ್ರಿಕೆಗಳ ಬಗ್ಗೆಯೇ ಇರಬೇಕಾಯಿತು.

ಹಾಗೆಂದು ಇವೆಲ್ಲ ಗೆದ್ದಲಿಗೆ ಮೀಸಲಾದ ಕಾಗದ ಎಂದುಕೊಳ್ಳುವಂತಿಲ್ಲ. 1965ರ ಫೆಬ್ರುವರಿಯಲ್ಲಿ ಡೀಟ್ರಿಶ್ ಕೊನ್ರಾಡ್ ಎಂಬ, ಜರ್ಮನಿಯ ಹೈಡಲ್‌ಬರ್ಗಿನ ಪ್ರಾಧ್ಯಾಪಕರು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ ಒಂದು ಭಾಷಣ ಮಾಡಿದರು. ಸಂವಿಧಾನ ತಿದ್ದುವ ಅಧಿಕಾರಕ್ಕೆ ಮಿತಿಯಿಲ್ಲವೇ ಎಂಬುದು ವಿಷಯ. ಜೀವಿಸುವ ಹಕ್ಕಿನ 21ನೇ ವಿಧಿಯನ್ನು ತಿದ್ದುಪಡಿ ಮಾಡಿ ತೆಗೆದುಬಿಡಬಹುದೇ? ಸಂವಿಧಾನವನ್ನೇ ರದ್ದು ಮಾಡಿ ಮೊಗಲ್ ಬಾದಷಹನನ್ನೋ ಇಂಗ್ಲೆಂಡಿನ ಕಿರೀಟವನ್ನೋ ವಾಪಸು ತರಬಹುದೇ? ಇಂಥ ಪ್ರಶ್ನೆಗಳನ್ನು ಸಮಾಧಾನವಾಗಿ ಕೇಳಿದರು. ಅಂದು ಕೇಳಿದವರು ಚಪ್ಪಾಳೆ ತಟ್ಟಿ ಕಾಫಿಗೆ ಹೋಗಿರಬೇಕು. ಎರಡು ವರ್ಷದಲ್ಲಿ ಗೋಲಕನಾಥ್ ಪ್ರಕರಣದಲ್ಲಿ ಹಿರಿಯ ವಕೀಲ ಎಂ.ಕೆ. ನಂಬಿಯಾರ್ ಅದೇ ವಾದವನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟರು. 1973ರಲ್ಲಿ ಕೇಶವಾನಂದ ಭಾರತಿ ಪ್ರಕರಣ. ಹದಿಮೂರು ನ್ಯಾಯಮೂರ್ತಿಗಳು, ಅರವತ್ತೆಂಟು ದಿನದ ವಾದ, ಏಳು-ಆರರ ಅಂತರ. ಸಂವಿಧಾನದ ಮೂಲ ರಚನೆಯನ್ನು ಮುಟ್ಟುವಂತಿಲ್ಲ ಎಂದದ್ದರಲ್ಲಿ ನಿರ್ಣಾಯಕ ಮತ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರದು, ಅವರ ತೀರ್ಪಿನಲ್ಲಿ ಕೊನ್ರಾಡ್ ಇದ್ದಾರೆ, ಹೆಸರು ಹೇಳಿ. ಕೇರಳದ ಭೂಸುಧಾರಣೆಯ ವಿರುದ್ಧ ಅರ್ಜಿ ಹಾಕಿದ್ದವರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ಸಂಗೀತ ಯಕ್ಷಗಾನಗಳೆಂದರೆ ಪ್ರಾಣ ಬಿಡುತ್ತಿದ್ದವರು. ಕನ್ನಡದ ಒಂದು ಮಠದ ಜಮೀನಿಗೂ ಹೈಡಲ್‌ಬರ್ಗಿನ ಪ್ರಾಧ್ಯಾಪಕರಿಗೂ ಗಂಟು ಬಿದ್ದದ್ದು ಹೀಗೆ.

ಕೊನ್ರಾಡ್ ಈ ವಿಚಾರವನ್ನು ಲೇಖನವಾಗಿಯೂ ಬರೆದರು. ಅದು ಬಂದದ್ದು ಕಾನೂನು ಪತ್ರಿಕೆಯಲ್ಲಲ್ಲ, ಅಂತರರಾಷ್ಟ್ರೀಯ ವ್ಯವಹಾರಗಳ ಒಂದು ವಾರ್ಷಿಕ ಸಂಪುಟದಲ್ಲಿ, 1966-67ರದ್ದು. ಅದನ್ನು ಸಂವಿಧಾನದ ಬೀರುವಿನಲ್ಲಿ ಹುಡುಕಿದವರಿಗೆ ಏನು ಸಿಕ್ಕೀತು? ನಾನು ಹೋದ ಲೈಬ್ರರಿಯಲ್ಲಿ ಅದು ರಾಜ್ಯಶಾಸ್ತ್ರ ವಿಭಾಗದಲ್ಲಿ ವಿಶ್ವಸಂಸ್ಥೆಯ ವರದಿಗಳ ಸಂದಿಯಲ್ಲಿ ಒರಗಿತ್ತು. ವಿತರಣೆಯ ಚೀಟಿಯಲ್ಲಿ ಒಂದೇ ಒಂದು ಮುದ್ರೆ ಕಾಣಲಿಲ್ಲ. ದೇಶದ ಸಂವಿಧಾನವನ್ನು ಕಾಯುತ್ತಿರುವ ಲೇಖನದ ಮೇಲೆ ಜೇಡರಬಲೆ ಇತ್ತು. ಕೈಯಿಂದ ಸರಿಸಿದೆ, ಜೇಡ ನನ್ನನ್ನು ಅತಿಕ್ರಮಣದಾರಳಂತೆ ನೋಡಿತು.

ಸಿಕ್ಕ ಮೇಲೆ ಜೆರಾಕ್ಸ್. ಇದೊಂದು ಪ್ರತ್ಯೇಕ ಶಾಸ್ತ್ರ. ದಪ್ಪ ಸಂಪುಟವನ್ನು ಗಾಜಿನ ಮೇಲೆ ಕವುಚಿ ಒತ್ತಿದರೆ ಹೊಲಿಗೆಯ ಕಡೆಯ ಅಕ್ಷರಗಳೆಲ್ಲ ಕಪ್ಪು ಕಣಿವೆಗೆ ಉರುಳಿರುತ್ತವೆ. ಪ್ರತಿ ಸಾಲಿನ ಕೊನೆಯ ಶಬ್ದವನ್ನು ನಾವೇ ಊಹಿಸಬೇಕು. "ನಾಟ್" ಎಂಬ ಪದ ಅಲ್ಲಿ ಬಿದ್ದಿದ್ದರೆ ಕಾನೂನು ತಲೆಕೆಳಗು. ಒತ್ತಿ ಹಿಡಿದ ಹುಡುಗನ ಹೆಬ್ಬೆರಳು ಪುಟದ ಮೂಲೆಯಲ್ಲಿ ಸ್ಪಷ್ಟವಾಗಿ ಬಂದಿರುತ್ತದೆ, ಸರಿಯಾಗಿ ಪುಟಸಂಖ್ಯೆಯ ಮೇಲೆ. ನನ್ನ ಹಳೆಯ ಫೈಲುಗಳಲ್ಲಿ ಆ ಅಂಗಡಿಯ ಹುಡುಗನ ಬೆರಳಚ್ಚುಗಳು ಪೊಲೀಸರ ಬಳಿ ಇರುವುದಕ್ಕಿಂತ ಚೆನ್ನಾಗಿವೆ. ಈ ಜೆರಾಕ್ಸ್ ಕಾನೂನುಬಾಹಿರವೇ ಎಂಬ ಪ್ರಶ್ನೆಯೂ ಕೋರ್ಟು ಹತ್ತಿತು. 2012ರಲ್ಲಿ ಮೂರು ದೊಡ್ಡ ವಿದೇಶಿ ಪ್ರಕಾಶಕ ಸಂಸ್ಥೆಗಳು ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಫೋಟೋಕಾಪಿ ಅಂಗಡಿಯ ಮೇಲೆ ದಾವೆ ಹೂಡಿದವು. ಪಾಠಕ್ಕಾಗಿ ಮಾಡುವ ಪ್ರತಿ ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂದು 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟು ದಾವೆ ವಜಾ ಮಾಡಿತು. ಡಿಸೆಂಬರಿನಲ್ಲಿ ವಿಭಾಗೀಯ ಪೀಠ ತತ್ವವನ್ನು ಒಪ್ಪಿಯೂ ಕೆಲವು ವಿಷಯ ವಿಚಾರಣೆಯಾಗಲಿ ಎಂದಿತು; 2017ರಲ್ಲಿ ಪ್ರಕಾಶಕರೇ ಹಿಂದೆ ಸರಿದರು. ಆ ತೀರ್ಪನ್ನು ನಮ್ಮ ಕಾಲೇಜಿನ ಹುಡುಗರು ಓದಿದ್ದು ಜೆರಾಕ್ಸಿನಲ್ಲಿಯೇ.

ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆ ಎನ್ನುತ್ತಾರೆ. ಇದೆ, ನಿಜ. ನಯಾಗರ ಜಲಪಾತದ ಹತ್ತಿರದ ಬಫಲೋ ಎಂಬ ಊರಿನ ಹೈನ್ ಎಂಬ ಕಾನೂನು ಪುಸ್ತಕದ ಕಂಪನಿ 2000ದಿಂದ ಹಳೆಯ ಪತ್ರಿಕೆಗಳನ್ನು ಪುಟಪುಟವಾಗಿ ಚಿತ್ರ ತೆಗೆದು ಹೈನ್‌ಆನ್‌ಲೈನ್‌ನಲ್ಲಿ ಇಟ್ಟಿದೆ. 1890ರ ಪುಟ ಅಂದು ಇದ್ದ ಹಾಗೆಯೇ ಎದುರಿಗೆ ಬರುತ್ತದೆ, ಯಾರ ಹೆಬ್ಬೆರಳೂ ಇಲ್ಲ. ನಮ್ಮ ದೇಶದ್ದಕ್ಕೆ ಎಸ್‌ಸಿಸಿ ಆನ್‌ಲೈನ್, ಮನುಪಾತ್ರ. ದುಡ್ಡಿಲ್ಲದವರಿಗೆ ಇಂಡಿಯನ್ ಕಾನೂನ್. 2008ರಲ್ಲಿ ಶುರುವಾದ ಇದು ಎಷ್ಟು ಬಡ ವಕೀಲರ ಮಾನ ಕಾಪಾಡಿದೆಯೋ ಲೆಕ್ಕವಿಲ್ಲ. ಅದರಲ್ಲಿ ಹುಡುಕುವಾಗ 'ಮತ್ತು', 'ಅಥವಾ', 'ಅಲ್ಲ' ಎನ್ನಲು ಇಂಗ್ಲಿಷಿನ ಆ್ಯಂಡ್, ಆರ್, ನಾಟ್‌ಗಳ ಕೊನೆಯಕ್ಷರವನ್ನು ಎರಡು ಸಲ ಒತ್ತಬೇಕು. ತಾಂತ್ರಿಕ ಕಾರಣ ಇದ್ದೇ ಇರುತ್ತದೆ, ಆದರೆ ಯಾವುದೋ ಸಂಖ್ಯಾಶಾಸ್ತ್ರಜ್ಞರು ನಡುವೆ ಬಂದಿದ್ದಾರೆ ಎಂಬುದು ನನ್ನ ಗುಮಾನಿ. ಸುಪ್ರೀಂ ಕೋರ್ಟು ತಾನೂ 2023ರ ಜನವರಿಯಿಂದ ತನ್ನ ವರದಿಗಳನ್ನು ಇ-ಎಸ್‌ಸಿಆರ್ ಹೆಸರಿನಲ್ಲಿ ಬಿಟ್ಟಿಯಾಗಿ ಓದಲು ಇಟ್ಟಿದೆ. ತೀರ್ಪುಗಳಿಗೆ ಮತ್ತೊಂದು ಬಾಗಿಲು ತೆರೆಯಿತು. ಲೇಖನದ್ದು ಅದೇ ಹಣೆಬರಹ.

ಲೇಖನದ ಬಾಗಿಲಿಗೆ ಬೀಗ, ಬೀಗದ ಮೇಲೆ ದರ. ಹೆಸರು ಒತ್ತಿದೊಡನೆ ಮೊದಲ ಪುಟ ಕಾಣುತ್ತದೆ, ಪೀಠಿಕೆ ಮುಗಿದು ಇನ್ನೇನು ವಿಷಯಕ್ಕೆ ಬರಬೇಕು ಎನ್ನುವಾಗ ತೆರೆ ಬೀಳುತ್ತದೆ. ಮುಂದೆ ಓದಬೇಕಾದರೆ ನಲವತ್ತು ಡಾಲರು, ಅದೂ ಒಂದು ದಿನದ ಮಟ್ಟಿಗೆ. ನನ್ನ ಕಕ್ಷಿದಾರರು ಇಡೀ ಕೇಸಿಗೆ ಕೊಟ್ಟ ಫೀಸಿನಲ್ಲಿ ಎರಡು ಲೇಖನ ಮತ್ತು ಅರ್ಧ ಅಡಿಟಿಪ್ಪಣಿ ಬರುತ್ತಿತ್ತು. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ 'ಒಂದು ದೇಶ ಒಂದು ಚಂದಾ' ಎಂದು ಆರು ಸಾವಿರ ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಮೂವತ್ತು ಪ್ರಕಾಶಕರ ಸುಮಾರು ಹದಿಮೂರು ಸಾವಿರ ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ. ಸಂತೋಷ. ಆದರೆ ಕರಿಕೋಟು ಹಾಕಿಕೊಂಡು ಬಾರ್ ಕ್ಯಾಂಟೀನಿನಲ್ಲಿ ಕೂತವರು ಉನ್ನತವೂ ಅಲ್ಲ, ಸಂಸ್ಥೆಯೂ ಅಲ್ಲ. ನಮಗೆ ಉಳಿದಿರುವ ಒಳ್ಳೆಯ ಉಪಾಯ ಬರೆದವರನ್ನೇ ಕೇಳುವುದು. ಇದು ನಿಜಕ್ಕೂ ಫಲಿಸುತ್ತದೆ. ಆಸ್ಟ್ರೇಲಿಯಾದ ಒಬ್ಬ ಪ್ರಾಧ್ಯಾಪಕರಿಗೆ ಎರಡು ಸಾಲು ಬರೆದೆ, ತಮ್ಮ ಇಂಥ ಲೇಖನ ದಯವಿಟ್ಟು ಕಳಿಸಬಹುದೇ ಎಂದು. ಒಂದು ಗಂಟೆಯೊಳಗೆ ಉತ್ತರ ಬಂತು. ಕೇಳಿದ ಲೇಖನದ ಜೊತೆ, ಕೇಳದ ಆರೇಳು ಲೇಖನ, ಬರೆಯುತ್ತಿರುವ ಪುಸ್ತಕದ ಎರಡು ಅಧ್ಯಾಯ, ಭಾರತದಲ್ಲಿ ತಮ್ಮನ್ನು ಓದುವವರಿದ್ದಾರೆಂಬ ಸಂಭ್ರಮ. ಈಗ ದೀಪಾವಳಿಗೆ ಅವರ ಶುಭಾಶಯ ಬರುತ್ತದೆ, ಒಂದು ಲೇಖನ ಲಗತ್ತಿಸಿ.

ಇತ್ತೀಚೆಗಂತೂ ಹುಡುಕುವ ತಾಪತ್ರಯವೇ ಇಲ್ಲ. ಬೇಕಾದ ಲೇಖನವನ್ನು ಕೃತಕ ಬುದ್ಧಿಮತ್ತೆಯ ಯಂತ್ರ ಹುಟ್ಟಿಸಿಯೇ ಕೊಡುತ್ತದೆ. ಕಳೆದ ವರ್ಷ ನನ್ನ ಬಳಿ ಇಂಟರ್ನ್‌ಶಿಪ್‌ಗೆ ಬಂದ ಹುಡುಗ, ಚುರುಕು, ಹತ್ತು ನಿಮಿಷದಲ್ಲಿ ಹಾಳೆ ತಂದಿಟ್ಟ. ಹದಿನಾಲ್ಕು ಲೇಖನ. ಒಂದೊಂದರ ಹೆಸರೂ ಎಷ್ಟು ಸೊಗಸೆಂದರೆ ನಮ್ಮ ವಾದಕ್ಕೆಂದೇ ಹೊಲಿಸಿದ್ದವು. ಸಂಪುಟ, ಪುಟ, ಲೇಖಕರ ಹೆಸರಿನ ಮೊದಲಕ್ಷರ ಎಲ್ಲ ಕರಾರುವಾಕ್ಕು. ನಾಲ್ಕನೆಯದು ಜರ್ನಲ್ ಆಫ್ ದಿ ಇಂಡಿಯನ್ ಲಾ ಇನ್‌ಸ್ಟಿಟ್ಯೂಟ್, 1957.

"ಇದು ಎಲ್ಲಿ ಸಿಕ್ತಪ್ಪಾ?"

"ಆನ್‌ಲೈನಲ್ಲಿ ಇದೆ ಮ್ಯಾಮ್."

"ಆ ಪತ್ರಿಕೆ ಶುರುವಾಗಿದ್ದು 1958ರಲ್ಲಿ."

ಹುಡುಗ ಸ್ವಲ್ಪ ಯೋಚಿಸಿದ. "ಪ್ರಿ-ಪಬ್ಲಿಕೇಶನ್ ಇರಬಹುದು ಮ್ಯಾಮ್" ಎಂದ. ವಕೀಲಿಕೆಯಲ್ಲಿ ಇವನಿಗೆ ಭವಿಷ್ಯವಿದೆ ಎಂದು ನನಗೆ ಆಗಲೇ ಖಾತ್ರಿಯಾಯಿತು.

ನ್ಯೂಯಾರ್ಕಿನಲ್ಲಿ 2023ರಲ್ಲಿ ವಿಮಾನ ಕಂಪನಿಯೊಂದರ ಕೇಸಿನಲ್ಲಿ ಯಂತ್ರ ಹೆತ್ತ ತೀರ್ಪುಗಳನ್ನು ಹಾಜರುಪಡಿಸಿದ ವಕೀಲರಿಗೆ ಐದು ಸಾವಿರ ಡಾಲರ್ ದಂಡ ಬಿತ್ತು. ನಮ್ಮೂರಿಗೇನು ಕಡಿಮೆ? 2024ರ ಕೊನೆಯಲ್ಲಿ ಬೆಂಗಳೂರಿನ ನ್ಯಾಯಮಂಡಳಿಯೊಂದರ ಆದೇಶದಲ್ಲಿಯೇ, ಎಲ್ಲೂ ಇಲ್ಲದ ತೀರ್ಪುಗಳು ಕಾಣಿಸಿಕೊಂಡು ಆದೇಶವನ್ನು ಹಿಂಪಡೆಯಬೇಕಾಯಿತು. ಜನ ಯಂತ್ರವನ್ನು ಬೈಯುತ್ತಾರೆ. ನನಗೆ ಅಷ್ಟು ಕೋಪ ಬರುವುದಿಲ್ಲ. ಏಳು ವರ್ಷದ ಹುಡುಗಿಗೆ ಮದುವೆ ಮಾಡಿಸಿದ ಅಡಿಟಿಪ್ಪಣಿಯನ್ನು ವರ್ಷಗಟ್ಟಲೆ ಹೊತ್ತವರು ನಾವು. ಯಂತ್ರ ಕಲಿತದ್ದು ನಮ್ಮಿಂದಲೇ ತಾನೆ?

ಇದರಲ್ಲಿ ನನ್ನದೂ ಒಂದು ಕಿರುಕಾಣಿಕೆ ಇದೆ. ಬಹಳ ಹಿಂದೆ, ಕಾಲೇಜೊಂದರ ಕಾನೂನು ಪತ್ರಿಕೆಗೆ ಬಾಡಿಗೆದಾರರ ಹಕ್ಕಿನ ಬಗ್ಗೆ ಒಂದು ಲೇಖನ ಬರೆದಿದ್ದೆ. ಮೊನ್ನೆ ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರದಲ್ಲಿ ಏನನ್ನೋ ಹುಡುಕುತ್ತಿರುವಾಗ ಯಾರದೋ ಪಿಎಚ್.ಡಿ. ಪ್ರಬಂಧದ ಅಡಿಟಿಪ್ಪಣಿಯಲ್ಲಿ ನನ್ನ ಹೆಸರು ಕಂಡು ಎದೆ ಉಬ್ಬಿತು. ಮೇಲಿನ ಸಾಲು ಓದಿದೆ. ಬಾಡಿಗೆ ನಿಯಂತ್ರಣ ಕಾಯ್ದೆಯನ್ನು ಪೂರ್ತಿ ರದ್ದು ಮಾಡಬೇಕೆಂದು ಈ ಲೇಖಕಿ ವಾದಿಸುತ್ತಾರೆ ಎಂದಿತ್ತು. ನಾನು ಬರೆದದ್ದು ನೇರ ಉಲ್ಟಾ. ಆಗ ನಾವೇ ಬಾಡಿಗೆ ಮನೆಯಲ್ಲಿದ್ದೆವು, ರದ್ದು ಮಾಡಿ ಎಂದು ಬರೆಯುವ ಧೈರ್ಯ ಎಲ್ಲಿಂದ ಬರಬೇಕು? ಆ ಸಂಶೋಧಕರಿಗೆ ಪತ್ರ ಬರೆದೆ. ಸಜ್ಜನರು, ಅಂದೇ ಉತ್ತರಿಸಿದರು. "ಮೇಡಂ, ಕ್ಷಮಿಸಿ. ನಿಮ್ಮ ಲೇಖನ ನನಗೆ ಎಲ್ಲೂ ಸಿಗಲಿಲ್ಲ, ಇನ್ನೊಬ್ಬರ ಪುಸ್ತಕದ ಟಿಪ್ಪಣಿಯಿಂದ ತೆಗೆದುಕೊಂಡೆ. ಒಂದು ಪ್ರತಿ ಕಳಿಸಿದರೆ ತಿದ್ದುತ್ತೇನೆ."

ಪ್ರತಿ ನನ್ನ ಬಳಿಯೂ ಇರಲಿಲ್ಲ. ಮೂರು ಸಲ ಬಾಡಿಗೆ ಮನೆ ಬದಲಾಯಿಸಿದವರ ಬಳಿ ಯಾವುದು ಉಳಿದೀತು? ಆ ಕಾಲೇಜಿಗೆ ಹೋದೆ. ಕೌಂಟರಿನಲ್ಲಿ ಹೊಸ ಹುಡುಗಿ, ಕಂಪ್ಯೂಟರಿನ ಮುಂದೆ.

"ಲೇಖಕರು ಯಾರು ಮೇಡಂ?"

"ನಾನೇ ಕಣಮ್ಮ."

"ಅಲ್ಲ ಮೇಡಂ, ಆಥರ್ ನೇಮ್ ಹೇಳಿ."

ಹೇಳಿದೆ. ಒತ್ತಿ ನೋಡಿದಳು. ಇದೆ, ಗೋಡೌನಿನಲ್ಲಿ. ಆದರೆ ಹೊರಗಿನವರಿಗೆ ಜೆರಾಕ್ಸ್ ಕೊಡಬೇಕಾದರೆ ಲೇಖಕರ ಅನುಮತಿ ಪತ್ರ ಬೇಕು, ಹೊಸ ರೂಲು. ಸರಿ ಎಂದು ಅಲ್ಲೇ ಒಂದು ಬಿಳಿ ಹಾಳೆ ಇಸಿದುಕೊಂಡು, ನನ್ನ ಲೇಖನದ ಪ್ರತಿಯನ್ನು ನನಗೆ ಕೊಡಲು ನನ್ನ ಅಭ್ಯಂತರವಿಲ್ಲ ಎಂದು ಬರೆದು, ಕೆಳಗೆ ಸಹಿ ಮಾಡಿ ಕೊಟ್ಟೆ. ಹುಡುಗಿ ಅದನ್ನು ಎರಡೆರಡು ಸಲ ಓದಿದಳು. ಸಹಿಯನ್ನೂ ನನ್ನ ಮುಖವನ್ನೂ ತಾಳೆ ನೋಡಿದಳು.

"ಇದು ನೀವೇ ಸಹಿ ಮಾಡಿದ್ದೀರಲ್ಲ ಮೇಡಂ, ನಡೆಯಲ್ಲ. ಗೆಜೆಟೆಡ್ ಆಫೀಸರ್ ಹತ್ತಿರ ಅಟೆಸ್ಟ್ ಮಾಡಿಸ್ಕೊಂಡು ಬನ್ನಿ. ಎರಡು ಪ್ರತಿ."